ಐದೇ ಗೋಲಿನ ಲೆಕ್ಕ

ಮಾನ್ಯರೆ,

ನಿಮ್ಮ ಪತ್ರದ ಮೊದಲ ಪೆಟ್ಟು ಸರಿಯಾಗಿಯೇ ಬಿದ್ದಿದೆ. ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಕಫೂ 1994ರ ವಿಶ್ವಕಪ್ ಫೈನಲ್ ಪೂರ್ತಿ ಆಡಿದ ಎಂದು ಕಳೆದ ಸಂಚಿಕೆಯಲ್ಲಿ ಬರೆದದ್ದು ನಮ್ಮ ತಪ್ಪು. ಅಂದು ಆತ ಬೆಂಚಿನಲ್ಲಿದ್ದ. ಜೋರ್ಜಿನ್ಯೊ ಗಾಯಗೊಂಡಿದ್ದರಿಂದ ಇಪ್ಪತ್ತು ನಿಮಿಷ ದಾಟಿದ ಮೇಲೆ ಮೈದಾನಕ್ಕಿಳಿದ. ಇಟಲಿ ಎದುರಿನ ಆ ಪಂದ್ಯ ಗೋಲಿಲ್ಲದೆ ಮುಗಿದು, ಬ್ರೆಜಿಲ್ ಪೆನಾಲ್ಟಿಯಲ್ಲಿ ಗೆದ್ದಿತು. ತಿದ್ದಿಕೊಂಡಿದ್ದೇವೆ.

ಎರಡನೆಯ ಮಾತಿಗೆ ಮಾತ್ರ ನನ್ನ ತಕರಾರಿದೆ. “ದೇಶಕ್ಕೆ 142 ಪಂದ್ಯ ಆಡಿ ಐದೇ ಗೋಲು ಹೊಡೆದವನನ್ನು ಅದೇ ತಂಡದ ಗೋಲುಗಾರ ರೊನಾಲ್ಡೊ ಪಕ್ಕ ಕೂರಿಸಿದ್ದೀರಲ್ಲ, ಇದ್ಯಾವ ನ್ಯಾಯ?” ಎಂದಿದ್ದೀರಿ. ಕಫೂ ರೈಟ್ ಬ್ಯಾಕ್, ಬಲ ಅಂಚು ಕಾಯುವ ಡಿಫೆಂಡರ್. ಅಂಥವನ ಗೋಲು ಎಣಿಸುವುದೆಂದರೆ ವಿಕೆಟ್ ಕೀಪರ್ ಎಷ್ಟು ಓವರ್ ಬೌಲ್ ಮಾಡಿದ ಎಂದು ಕೇಳಿದ ಹಾಗಾಯಿತು ಸ್ವಾಮಿ!

2002ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡವನ್ನೇ ನೋಡಿ. ಕೋಚ್ ಸ್ಕೊಲಾರಿ ಹಿಂದೆ ಮೂವರು ಡಿಫೆಂಡರ್‌ಗಳನ್ನು ನಿಲ್ಲಿಸಿದ್ದರು. ರೊನಾಲ್ಡೊ, ರಿವಾಲ್ಡೊ, ರೊನಾಲ್ಡಿನ್ಯೊ ಮೂವರೂ ನಡುವಿನಲ್ಲೇ ಆಡುವವರು. ಹಾಗಾದರೆ ಮೈದಾನದ ಎರಡು ಅಂಚುಗಳು ಯಾರ ಪಾಲು? ಎಡಕ್ಕೆ ರಾಬರ್ಟೊ ಕಾರ್ಲೋಸ್, ಬಲಕ್ಕೆ ಕಫೂ. ಬಲಗಡೆಯ ಅಷ್ಟುದ್ದದ ಗೆರೆಗೆ ಒಬ್ಬನೇ ಆಳು. ಚೆಂಡು ನಮ್ಮದಾದರೆ ಎದುರಾಳಿಯ ಮೂಲೆಯವರೆಗೆ ಓಡಬೇಕು, ಕಳೆದುಕೊಂಡರೆ ಅಷ್ಟೇ ದೂರ ವಾಪಸ್. ಇವನು ಅಂಚಿಗೆ ನುಗ್ಗಿದಾಗ ಎದುರಾಳಿಯ ಒಬ್ಬ ಇವನ ಹಿಂದೆ ಬರಲೇಬೇಕು. ಆಗ ನಡುವೆ ತೆರೆದ ಜಾಗವೇ ರೊನಾಲ್ಡೊಗೆ ಬೇಕಾಗಿದ್ದು. ಟಿ.ವಿ. ಕ್ಯಾಮೆರಾ ಚೆಂಡಿನ ಹಿಂದೆ ಇರುತ್ತದೆ, ಈ ಓಟ ಅದರಲ್ಲಿ ಅರ್ಧ ಕಾಣುವುದೇ ಇಲ್ಲ. ಅವನು ಆಡುತ್ತಿದ್ದ ರೋಮಾ ಕ್ಲಬ್ಬಿನ ಅಭಿಮಾನಿಗಳಿಗೆ ಮಾತ್ರ ಕಂಡಿತ್ತು. ಇಟಲಿಯ ವೇಗದ ರೈಲು ‘ಪೆಂಡೊಲೀನೊ’ದ ಹೆಸರನ್ನೇ ಅವನಿಗಿಟ್ಟರು.

ಅವನೇನು ಹುಟ್ಟಾ ರೈಟ್ ಬ್ಯಾಕ್ ಅಲ್ಲ. ಹುಡುಗನಾಗಿದ್ದಾಗ ಹಲವು ಕ್ಲಬ್‌ಗಳು ಬೇಡವೆಂದು ಕಳಿಸಿದ್ದವು. ಸಾವೊ ಪಾಲೊ ಕ್ಲಬ್ಬಿನಲ್ಲಿ ಮಿಡ್‌ಫೀಲ್ಡರ್ ಆಗಿದ್ದವನನ್ನು ಬಲ ಅಂಚಿಗೆ ಒಯ್ದದ್ದು ಕೋಚ್ ಟೆಲೆ ಸಂತಾನಾ. ಆ ಕ್ಲಬ್ 1992, 1993ರಲ್ಲಿ ಸತತವಾಗಿ ದಕ್ಷಿಣ ಅಮೆರಿಕದ ಕ್ಲಬ್ಬುಗಳ ಲಿಬರ್ಟಡೋರೆಸ್ ಕಪ್ ಗೆದ್ದಿತು. ಮುಂದೆ 2001ರಲ್ಲಿ ರೋಮಾ ಜೊತೆ, 2004ರಲ್ಲಿ ಮಿಲಾನ್ ಜೊತೆ ಇಟಲಿಯ ಲೀಗ್ ಪ್ರಶಸ್ತಿ.

ನಾಯಕತ್ವವೂ ಆಕಸ್ಮಿಕವಾಗಿಯೇ ಬಂತು. 2002ರ ನಾಯಕ ಎಮರ್ಸನ್. ಟೂರ್ನಿಗೆ ಮುಂಚೆ ಅಭ್ಯಾಸದ ವೇಳೆ ತಮಾಷೆಗೆಂದು ಗೋಲ್ ಕೀಪರ್ ಆಗಿ ನಿಂತು ಭುಜ ಕಳಚಿಕೊಂಡರು. ನಾಯಕನ ಪಟ್ಟಿ ಕಫೂ ತೋಳಿಗೆ ಬಂತು. 1994ರಲ್ಲಿ ಬದಲಿ, 1998ರಲ್ಲಿ ಫ್ರಾನ್ಸ್ ಎದುರು ಸೋತವನು, 2002ರಲ್ಲಿ ನಾಯಕ. ಸತತ ಮೂರು ಫೈನಲ್! ಪೆಲೆ ಆಡಿದ್ದೂ ಎರಡೇ.

ಕೊನೆಗೆ, ಮುಖಪುಟದ ಚಿತ್ರದಲ್ಲಿ ಕಫೂ ಅಂಗಿಯ ಮೇಲೆ ಗೀಚಿರುವುದೇನು ಎಂದು ನಿಮ್ಮ ಮಗಳು ಕೇಳಿದ್ದಾಳಲ್ಲ. ಅದು ‘100% ಜಾರ್ಡಿಂ ಇರೇನಿ’. ಸಾವೊ ಪಾಲೊ ನಗರದಂಚಿನ ಬಡ ಬಡಾವಣೆ, ಅವನು ಬೆಳೆದ ಕೇರಿ. 2002ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಕಪ್ ಎತ್ತುವಾಗ ಅದೇ ಅಂಗಿ ತೊಟ್ಟು, ಕಪ್ ಇಟ್ಟಿದ್ದ ಕಟ್ಟೆಯನ್ನೇ ಹತ್ತಿ ನಿಂತಿದ್ದ.

— ಸಂ.