ಓದುಗರ ಪ್ರಶ್ನೆ: ಪದ್ಯಪಾಠ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಎಂಟನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಪದ್ಯ ಓದಿ ಮುಗಿಸುವ ಮೊದಲೇ ಮಕ್ಕಳು ‘ಭಾವಾರ್ಥ ಬರೆಸಿ ಮಿಸ್’ ಅನ್ನುತ್ತಾರೆ. ಬರೆಸದಿದ್ದರೆ ಗೈಡ್ ನೋಡಿಕೊಂಡು ಬರುತ್ತಾರೆ. ಏನು ಮಾಡಲಿ?
– ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಉತ್ತರ: ಗೈಡಿನಲ್ಲಿ ಸಿಗದ, ಮೂರೇ ಸಾಲಿನ ಪದ್ಯದಿಂದ ಶುರು ಮಾಡಿ. ಮನೆಯಲ್ಲಿ ಅಜ್ಜಿ ಹಾಡಿದ್ದು ಕೆಲವರಿಗಾದರೂ ನೆನಪಿರಬಹುದಾದ ಈ ತ್ರಿಪದಿ ಸಾಕು (ಊರಿಂದೂರಿಗೆ ಒಂದೆರಡು ಅಕ್ಷರ ಬದಲಾಗುತ್ತದೆ, ಚಿಂತೆಯಿಲ್ಲ):

ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ
ಎಳ್ಳು ಜೀರಿಗೆ ಬೆಳೆಯೋಳ ಭೂಮಿತಾಯ
ಎದ್ದೊಂದು ಗಳಿಗೆ ನೆನೆದೇನ

ಪೆನ್ನು ಮುಚ್ಚಿಸಿ, ಮೂರು ಸಲ ಓದಿಸಿ. ಮೊದಲ ಸಲ ನೀವು ಓದಿ. ಎರಡನೆಯ ಸಲ ಎಲ್ಲರೂ ಒಟ್ಟಿಗೆ ಓದಲಿ. ಮೂರನೆಯ ಸಲ ಒಬ್ಬರೇ ಓದಲಿ, ತಮಗೆ ಬೇಕಾದಲ್ಲಿ ನಿಲ್ಲಿಸಲಿ. ಯಾರು ಎಲ್ಲಿ ನಿಲ್ಲಿಸಿದರು ಎಂಬುದನ್ನು ಬೋರ್ಡಿನಲ್ಲಿ ಗುರುತು ಹಾಕಿ. ‘ನೆನೆಯಲಿ’ ಬಳಿ ನಿಂತವರಿಗೆ ಅದು ಪ್ರಶ್ನೆ ಎಂದು ಆಗಲೇ ಹೊಳೆದಿರುತ್ತದೆ. ಆಮೇಲೆ ಐದು ನಿಮಿಷ ಕೊಟ್ಟು ಒಂದೇ ಕೇಳಿ: ಎಡವಿದ ಪದ ಯಾವುದು? ‘ನೆನೆ’ ಅಂದರೆ ಒದ್ದೆಯಾಗುವುದಲ್ಲವೇ ಎಂದು ಯಾರಾದರೂ ಕೇಳಿಯಾರು. ನಗಬೇಡಿ, ಆ ಅರ್ಥವೂ ಪದಕ್ಕಿದೆ. ಇಲ್ಲಿ ಯಾಕೆ ಹೊಂದುವುದಿಲ್ಲ ಎಂದು ಅವರಿಂದಲೇ ಹೇಳಿಸಿ. ‘ಗಳಿಗೆ’ ಅಂದರೆ 24 ನಿಮಿಷ ಎಂಬುದನ್ನು ಮಾತ್ರ ನೀವು ಹೇಳಬೇಕಾದೀತು.

ಈಗ ಭಾವಾರ್ಥ ಬರೆಸಿ, ಒಂದೇ ವಾಕ್ಯದಲ್ಲಿ: ‘ಬೆಳಿಗ್ಗೆ ಎದ್ದು ಭೂಮಿತಾಯಿಯನ್ನು ನೆನೆಯುತ್ತೇನೆ.’ ಅದನ್ನು ಪದ್ಯದ ಪಕ್ಕದಲ್ಲಿಟ್ಟು, ಏನೇನು ಬಿಟ್ಟುಹೋಯಿತು ಎಂದು ಪಟ್ಟಿ ಮಾಡಿಸಿ. ಪ್ರಶ್ನೆ ಬಿಟ್ಟುಹೋಯಿತು, ಎಳ್ಳು ಜೀರಿಗೆ ಹೋಯಿತು. ಹೆಸರನ್ನು ಒಗಟಿನಂತೆ ತಡೆದು ಹೇಳಿದ್ದೂ ಹೋಯಿತು: ಮೊದಲು ಬೆಳೆ, ಆಮೇಲೆ ಬೆಳೆಯುವವಳು, ಕೊನೆಗೆ ಹೆಸರು. ನಿಮ್ಮ ಕಡೆ ಹೊಲದ ತುಂಬ ಶೇಂಗಾ, ರಾಗಿ ಇರುವಾಗ ಹಾಡಿದವಳು ಎಳ್ಳು ಜೀರಿಗೆಯನ್ನೇ ಯಾಕೆ ಹಿಡಿದಳು? ಒಂದು ಚಿಟಿಕೆ ಎಳ್ಳನ್ನು ಮಕ್ಕಳ ಅಂಗೈಗೆ ಹಾಕಿ ಎಣಿಸಲು ಹೇಳಿ, ಆಮೇಲೆ ಕೇಳಿ. ಅಷ್ಟು ಸಣ್ಣ ಕಾಳನ್ನೂ ಮರೆಯದೆ ಬೆಳೆಸುವ ತಾಯಿ ಎಂಬ ಮಾತು ಅವರ ಬಾಯಿಂದಲೇ ಬರಲಿ.

ಪಾಠ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ‘ಅರ್ಥ ಆಯ್ತಾ?’ ಎಂದರೆ ಇಡೀ ತರಗತಿ ‘ಹ್ಞೂ’ ಅನ್ನುತ್ತದೆ, ಏನೂ ತಿಳಿಯುವುದಿಲ್ಲ. ಮೊದಲ ಒಳ್ಳೆಯ ಉತ್ತರಕ್ಕೇ ‘ಶಭಾಷ್’ ಎಂದುಬಿಟ್ಟರೆ ಉಳಿದವರು ಯೋಚಿಸುವುದನ್ನು ನಿಲ್ಲಿಸುತ್ತಾರೆ. ಕನಿಷ್ಠ ನಾಲ್ಕು ಉತ್ತರ ಬರುವವರೆಗೆ ಸರಿ ತಪ್ಪು ಹೇಳಬೇಡಿ.

ಪ್ರಶ್ನೆ: ಹಾಗಾದರೆ ಮಕ್ಕಳು ಹೇಳಿದ್ದೆಲ್ಲ ಸರಿಯೇ?
– ಬಿ.ಎಡ್. ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಲ್ಲ. ಮೇಲಿನ ತ್ರಿಪದಿಯನ್ನೇ ತೆಗೆದುಕೊಳ್ಳಿ. ‘ಎಳ್ಳುನೀರು ಬಿಡ್ತಾರಲ್ಲ, ಇದು ಸಾವಿನ ಪದ್ಯ’ ಎಂದು ಒಬ್ಬ ಹುಡುಗ ಹೇಳಿದ ಎಂದುಕೊಳ್ಳಿ. ತಪ್ಪು ಎನ್ನುವ ಬದಲು ‘ಇನ್ಯಾವ ಪದ ನಿನ್ನ ಜೊತೆಗಿದೆ, ತೋರಿಸಪ್ಪ’ ಅನ್ನಿ. ಬೆಳಗು, ಬೆಳೆಯೋಳು, ತಾಯಿ ಯಾವುದೂ ಅವನ ಕಡೆಗೆ ಬರುವುದಿಲ್ಲ. ಎಳ್ಳು ಒಂದೇ ಉಳಿಯುತ್ತದೆ, ಅದರ ಪಕ್ಕದಲ್ಲೂ ಜೀರಿಗೆ ಕೂತಿದೆ. ಅಂಕ ಕೊಡುವಾಗಲೂ ಇದೇ ಅಳತೆ ಇಟ್ಟುಕೊಳ್ಳಿ: ಅಭಿಪ್ರಾಯಕ್ಕೆ 1, ಅದಕ್ಕೆ ಆಧಾರವಾದ ಪದ ತೋರಿಸಿದರೆ 2.

ಪ್ರಶ್ನೆ: ಆರು ಸಾಲಿನ ಭಾಮಿನಿ ಷಟ್ಪದಿಗೆ ಪ್ರಸ್ತಾರ (ಅಕ್ಷರಗಳಿಗೆ ಲಘು, ಗುರು ಎಂಬ ಗುರುತು) ಹಾಕಿಸುವಷ್ಟರಲ್ಲಿ ಪದ್ಯದ ರುಚಿಯೇ ಹೋಗುತ್ತದೆ.
– ಹಿರಿಯೂರು

ಉತ್ತರ: ಮೊದಲು ಚಪ್ಪಾಳೆ, ಆಮೇಲೆ ಪ್ರಸ್ತಾರ. ‘ತಕಿಟ ತಕಧಿಮಿ’ ಎಂದು 3, 4ರ ಲೆಕ್ಕದಲ್ಲಿ ತಟ್ಟಿಸಿ. 1, 2, 4, 5ನೇ ಸಾಲುಗಳಲ್ಲಿ ಇದು ಎರಡು ಸಲ ಬಂದು 14 ಮಾತ್ರೆ (ಮಾತ್ರೆ ಅಂದರೆ ಒಂದು ಲಘು ಅಕ್ಷರ ಹೇಳುವಷ್ಟು ಹೊತ್ತು; ಗುರುವಿಗೆ ಎರಡು), 3 ಮತ್ತು 6ರಲ್ಲಿ ಮೂರು ಸಲ ಬಂದು ಕೊನೆಗೊಂದು ಗುರು ಸೇರಿ 23. ಲೆಕ್ಕ ತಪ್ಪಿದರೆ ಮೊದಲು ಒತ್ತಕ್ಷರದ ಹಿಂದಿನ ಅಕ್ಷರ ನೋಡಿ. ಅದು ಗುರುವಾಗುತ್ತದೆ ಎಂಬುದನ್ನು ಮಕ್ಕಳು ಮರೆತಿರುತ್ತಾರೆ. ಅರ್ಥಕ್ಕೆ ಬಂದಾಗ ಸಾಲಿಗೊಂದು ವಾಕ್ಯ ಹುಡುಕಿಸಬೇಡಿ, ಪದಗಳೇ ಸಾಲು ದಾಟಿ ಒಡೆದಿರುತ್ತವೆ. ಕ್ರಿಯಾಪದಕ್ಕೆ ಅಡಿಗೆರೆ ಎಳೆಸಿ, ‘ಯಾರು?’ ಎಂದು ಅಲ್ಲಿಂದ ಹಿಂದಕ್ಕೆ ಕೇಳುತ್ತಾ ಬನ್ನಿ.