ಬಿಸಿಯಾದರೆ ನಿಲ್ಲುವ ಅಂಬಾಸಿಡರ್

ಪ್ರಶ್ನೆ: ನಮ್ಮದು 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಹಳೆಯ ಅಂಬಾಸಿಡರ್. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಮಿಸ್ಸಿಂಗ್ ಶುರುವಾಗಿ ನಿಂತುಬಿಡುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಮತ್ತೆ ಸರಿ. ಪ್ಲಗ್ ನಾಲ್ಕೂ ಹೊಸವು, ಕಾರ್ಬುರೇಟರ್ ಎರಡು ಸಲ ತೊಳೆಸಿದ್ದಾಯಿತು. ಈಗ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ) ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಈಗಲೇ ಬೇಡ. ಇಂಥ ದೋಷ ಗಾಡಿ ತಣ್ಣಗಿದ್ದಾಗ ಗ್ಯಾರೇಜಿನಲ್ಲಿ ಸಿಗುವುದಿಲ್ಲ. ನಿಂತ ಜಾಗದಲ್ಲೇ, ಬಿಸಿ ಆರುವ ಮುಂಚೆ ಹಿಡಿಯಬೇಕು. ಡಿಕ್ಕಿಯಲ್ಲಿ 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಫೀಲರ್ ಗೇಜ್ (ಸಣ್ಣ ಗ್ಯಾಪ್ ಅಳೆಯುವ ತೆಳು ಪಟ್ಟಿಗಳು), ಹೊಸ ಕಂಡೆನ್ಸರ್ (ಪಾಯಿಂಟಿನಲ್ಲಿ ಕಿಡಿ ಏಳದಂತೆ ತಡೆಯುವ ಭಾಗ) ಇರಲಿ.

ನಿಂತ ಕೂಡಲೇ ನ್ಯೂಟ್ರಲ್‌ಗೆ ಹಾಕಿ, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟು ಹಂಚುವ ಭಾಗ) ಕ್ಯಾಪಿನ ನಡುವಿನ ದಪ್ಪ ವೈರ್ ಕೀಳಿ. ಅದರ ತುದಿಯನ್ನು ಬಟ್ಟೆಗೆ ಹಾಕುವ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಹಿಡಿದು, ಕಾರ್ಬುರೇಟರಿನಿಂದ ದೂರ, ಎಂಜಿನ್ ಬ್ಲಾಕಿಗೆ 6 ಮಿ.ಮೀ. ಅಂತರದಲ್ಲಿಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಚಟಚಟ ಸದ್ದಿನ ನೀಲಿ ಕಿಡಿ ಹಾರಿದರೆ ಕಾಯಿಲ್, ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲ್‌ನ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್) ಎರಡೂ ನಿರಪರಾಧಿಗಳು. ಪೆಟ್ರೋಲ್ ಪಂಪಿಗೂ ಪೈಪಿಗೂ ಒದ್ದೆ ಬಟ್ಟೆ ಸುತ್ತಿ ನೋಡಿ. ತಕ್ಷಣ ಸ್ಟಾರ್ಟ್ ಆದರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗುತ್ತಿದೆ ಎಂದರ್ಥ.

ಆಗದಿದ್ದರೆ ಕ್ಯಾಪ್ ತೆಗೆದು ಅದರಡಿ ತಿರುಗುವ ರೋಟರ್ ನೋಡಿ. ಅದೇ ವೈರಿನ ತುದಿಯನ್ನು ರೋಟರಿನ ಹಿತ್ತಾಳೆಯ ಹತ್ತಿರ ಹಿಡಿದು ಸೆಲ್ಫ್ ಹೊಡೆಯಿರಿ. ಅಲ್ಲಿಗೆ ಮತ್ತೆ ಮತ್ತೆ ಕಿಡಿ ಹಾರಿದರೆ ರೋಟರ್ ಒಳಗೇ ಒಡೆದು ಕರೆಂಟು ಶಾಫ್ಟಿಗೆ ಇಳಿಯುತ್ತಿದೆ. ಹೊರಗಿನಿಂದ ಬಿರುಕು ಕಾಣುವುದೇ ಇಲ್ಲ.

ಕಿಡಿ ಹಳದಿಯಾಗಿ ಸಣ್ಣಗಿದೆಯೇ? ಇಗ್ನಿಷನ್ ಆನ್ ಮಾಡಿ, ಮುಚ್ಚಿದ ಪಾಯಿಂಟನ್ನು ಮರದ ಕಡ್ಡಿಯಿಂದ ಬಿಡಿಸಿ. ಪಾಯಿಂಟಿನಲ್ಲೇ ದೊಡ್ಡ ಕಿಡಿ ಎದ್ದರೆ ಕಂಡೆನ್ಸರ್ ಕೆಟ್ಟಿದೆ. ಬಿಸಿಯಾದರೆ ಕೈಕೊಟ್ಟು ತಣ್ಣಗಾದರೆ ಸರಿಯಾಗುವುದು ಇದರ ಹಳೆಯ ಚಾಳಿ. ನಿಮ್ಮ ಗಾಡಿಯಲ್ಲಿ ನಮ್ಮ ಮೊದಲ ಅನುಮಾನವೂ ಇದರ ಮೇಲೆಯೇ.

ಕಿಡಿಯೇ ಇಲ್ಲದಿದ್ದರೆ, ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಸಣ್ಣ ವೈರ್ ಹೋಗುವ ಟರ್ಮಿನಲ್ಲಿಗೂ ಬಾಡಿಗೂ ಲ್ಯಾಂಪ್ ಸೇರಿಸಿ. ಸೆಲ್ಫ್ ಹೊಡೆದಾಗ ಅದು ಮಿಣುಕಬೇಕು. ಮಿಣುಕದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ, ಇಲ್ಲವೇ ಡಿಸ್ಟ್ರಿಬ್ಯೂಟರ್ ಒಳಗಿನ ಮೆದು ವೈರ್ ತುಂಡಾಗಿದೆ. ಮೇಲಿನ ಹೊದಿಕೆ ಸರಿಯಿದ್ದು ತಂತಿ ಮಾತ್ರ ಮುರಿದಿರುತ್ತದೆ, ಎಳೆದು ನೋಡಿ. ಉರಿಯದಿದ್ದರೆ ಕಾಯಿಲ್‌ನ ಇನ್ನೊಂದು ಟರ್ಮಿನಲ್ಲಿಗೆ ಬ್ಯಾಟರಿ ಕರೆಂಟು ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಸಣ್ಣ ವೈರನ್ನು ಕಾಯಿಲ್‌ನಿಂದ ಬಿಚ್ಚಿ. ಆಗ ಉರಿದರೆ ದೋಷ ಡಿಸ್ಟ್ರಿಬ್ಯೂಟರಿನಲ್ಲಿ. ಆಗಲೂ ಉರಿಯದಿದ್ದರೆ ಮಾತ್ರ ಕಾಯಿಲ್ ಬದಲಿಸಿ.

ಪಾಯಿಂಟ್ ಗ್ಯಾಪ್ 0.38 ಮಿ.ಮೀ., ಪ್ಲಗ್ ಗ್ಯಾಪ್ 0.6 ಮಿ.ಮೀ. ಇರಲಿ. ಪಾಯಿಂಟ್ ಗ್ಯಾಪ್ ಮುಟ್ಟಿದ ಮೇಲೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಮತ್ತೆ ನೋಡಲೇಬೇಕು: ಗ್ಯಾಪ್ ಹೆಚ್ಚಾದರೆ ಕಿಡಿ ಬೇಗ ಬರುತ್ತದೆ.

ಪ್ರಶ್ನೆ: ಮಳೆಗಾಲದ ಬೆಳಿಗ್ಗೆ ಪ್ರೀಮಿಯರ್ ಪದ್ಮಿನಿ ಸ್ಟಾರ್ಟ್ ಆಗುವುದಿಲ್ಲ. ಮಧ್ಯಾಹ್ನ ಸರಿ.

ಉತ್ತರ: ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ತೇವ ಸೇರಿರಬಹುದು; ಒಳಗೂ ಹೊರಗೂ ಒಣಬಟ್ಟೆಯಲ್ಲಿ ಒರೆಸಿ. ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡರೆ ಉಜ್ಜಿ ಉಪಯೋಗವಿಲ್ಲ, ಕ್ಯಾಪ್ ಬದಲಿಸಿ. ರಾತ್ರಿ ಕತ್ತಲಲ್ಲಿ ಎಂಜಿನ್ ಚಾಲೂ ಇಟ್ಟು ಬಾನೆಟ್ ಎತ್ತಿ ನಿಂತರೆ, ಕರೆಂಟು ಸೋರುವ ಪ್ಲಗ್ ವೈರಿನ ಮೇಲೆ ನೀಲಿ ಎಳೆಗಳು ಓಡಾಡುವುದು ಕಾಣುತ್ತದೆ.