ಪೈಪು, ಗಾಲ್ಫ್ ಮತ್ತು ಮಾತಾಡದ ಕ್ಯಾಡಿ: ಓದುಗರಿಗೆ ಸಂಪಾದಕರ ಉತ್ತರ

ಪತ್ರದ ಸಾರ: ಬರೆದವರು ಮಂಗಳೂರಿನ ಕದ್ರಿಯ ನಿವೃತ್ತ ಬ್ಯಾಂಕ್ ಅಧಿಕಾರಿ. ನಿವೃತ್ತಿಯ ನಂತರ ಪಿಲಿಕುಳದಲ್ಲಿ ಗಾಲ್ಫ್ ಆಡಲು ಕಲಿತಿದ್ದಾರೆ. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿದ್ದ ಮಾವನವರಿಂದ ಬಂದ ಪೈಪನ್ನು ಆಡುತ್ತ ಸೇದುವುದು ಅವರ ರೂಢಿ. ಜೊತೆಗೆ ಆಡುವ ಗೆಳೆಯರೊಬ್ಬರು ಇದು ಆಟಕ್ಕೆ ಅಪಚಾರ ಎಂದು ಜಗಳ ತೆಗೆದಿದ್ದಾರೆ. ಗಾಲ್ಫಿನ ಘಟಾನುಘಟಿಗಳೇ ಪೈಪು ಸೇದುತ್ತಿದ್ದರಲ್ಲವೇ, ನಿಯಮದಲ್ಲಿ ನಿಷೇಧ ಎಲ್ಲಿದೆ, ಬಯಲಿನಲ್ಲಿ ಹೊಗೆಯಿಂದ ಯಾರಿಗೆ ತೊಂದರೆ, ತಮ್ಮ ಕ್ಯಾಡಿ (ಆಟಗಾರನ ಬ್ಯಾಗು ಹೊರುವವನು) ಒಂದು ದಿನವೂ ತಕರಾರು ಎತ್ತಿಲ್ಲವಲ್ಲ ಎಂಬುದು ಇವರ ವಾದ. ಮಳೆಗಾಲದಲ್ಲಿ ತಂಬಾಕನ್ನು ಕಾಪಾಡುವುದು ಹೇಗೆ ಎಂದೂ ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಮಾನ್ಯರೇ,

ಗೆಳೆಯರಿಬ್ಬರ ಜಗಳಕ್ಕೆ ಸಂಪಾದಕನನ್ನು ಪಂಚಾಯಿತಿಗೆ ಕೂರಿಸಿದರೆ ಕೊನೆಗೆ ಇಬ್ಬರೂ ಚಂದಾ ನಿಲ್ಲಿಸುತ್ತಾರೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಚರಿತ್ರೆಯ ಮಟ್ಟಿಗೆ ಗೆಲುವು ನಿಮ್ಮದೇ. ಜರ್ಸಿ ದ್ವೀಪದಲ್ಲಿ ಹುಟ್ಟಿದ ಹ್ಯಾರಿ ವಾರ್ಡನ್ 1896ರಿಂದ 1914ರ ನಡುವೆ ಬ್ರಿಟನ್ನಿನ ಓಪನ್ ಪಂದ್ಯಾವಳಿಯನ್ನು ಆರು ಸಲ ಗೆದ್ದವರು, ಪೈಪು ಪ್ರಿಯರು. ಅದೇ ದ್ವೀಪದ ಟೆಡ್ ರೇ ಇನ್ನೂ ಒಂದು ಹೆಜ್ಜೆ ಮುಂದೆ. ಪೈಪನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ, ಮೈಯ ಬಲವನ್ನೆಲ್ಲ ಹಾಕಿ ಚೆಂಡಿಗೆ ಬಾರಿಸುತ್ತಿದ್ದ ಆಸಾಮಿ. 1912ರಲ್ಲಿ ಬ್ರಿಟನ್ನಿನ ಓಪನ್, 1920ರಲ್ಲಿ ಅಮೆರಿಕದ ಓಪನ್ ಎರಡನ್ನೂ ಗೆದ್ದರು. ನಿಮ್ಮ ಗೆಳೆಯರಿಗೆ ಹೇಳಲು ಇನ್ನೊಂದು ಹೆಸರು ಬೇಕಿದ್ದರೆ ಸ್ಕಾಟ್ಲೆಂಡಿನ ಪರವಾಗಿ ಆಡಿದ ಬ್ರಯನ್ ಬಾರ್ನ್ಸ್ ಇದ್ದಾರೆ. 1975ರಲ್ಲಿ ಅಮೆರಿಕ ಮತ್ತು ಬ್ರಿಟನ್-ಐರ್ಲೆಂಡ್ ತಂಡಗಳ ನಡುವೆ ನಡೆದ ರೈಡರ್ ಕಪ್‌ನಲ್ಲಿ ಈ ಪೈಪಿನ ಮನುಷ್ಯ ಅಮೆರಿಕದ ಜಾಕ್ ನಿಕ್ಲಾಸ್ ಅವರನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಇನ್ನೊಮ್ಮೆ, ಒಂದೇ ದಿನದಲ್ಲಿ ಎರಡು ಸಲ ಸೋಲಿಸಿದರು. ನಿಕ್ಲಾಸ್ ಆಗ ಜಗತ್ತಿನ ಅಗ್ರ ಆಟಗಾರ.

ಇದರಿಂದ ಪೈಪು ಸೇದಿದರೆ ಆಟ ಸುಧಾರಿಸುತ್ತದೆ ಎಂದು ನೀವು ತೀರ್ಮಾನಿಸಬಾರದು. ವಾರ್ಡನ್‌ಗೆ ಮುಂದೆ ಕ್ಷಯರೋಗ ಬಂತು. ಅದಕ್ಕೆ ಪೈಪೇ ಕಾರಣ ಎಂದು ನಿಮ್ಮ ಗೆಳೆಯರೂ ಹೇಳಬಾರದು. 1913ರಲ್ಲಿ ಅಮೆರಿಕದ ಬ್ರೂಕ್‌ಲೈನ್‌ನಲ್ಲಿ ವಾರ್ಡನ್ ಮತ್ತು ರೇ ಇಬ್ಬರೂ ಫ್ರಾನ್ಸಿಸ್ ವಿಮೆಟ್ ಎಂಬ 20 ವರ್ಷದ ಹವ್ಯಾಸಿ ಆಟಗಾರನ ಮುಂದೆ ಸೋತರು. ಮೂವರೂ ಸಮನಾದ್ದರಿಂದ ನಡೆದ ಮರುಪಂದ್ಯದಲ್ಲಿ (ಗಾಲ್ಫಿನಲ್ಲಿ ಕಡಿಮೆ ಹೊಡೆತದವನೇ ಗೆದ್ದವನು) ಆತ 72, ವಾರ್ಡನ್ 77, ರೇ 78. ಆ ದಿನ ವಿಮೆಟ್‌ನ ಬ್ಯಾಗು ಹೊತ್ತವನು ಎಡ್ಡಿ ಲವರಿ, ಹತ್ತು ವರ್ಷದ ಪೋರ. ಗಾಲ್ಫಿನ ಚರಿತ್ರೆ ಒಬ್ಬ ಕ್ಯಾಡಿಯ ಹೆಸರನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿರುವುದು ಅಪರೂಪ. ನಿಮ್ಮ ಕ್ಯಾಡಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನಿಯಮದ ಪ್ರಶ್ನೆ. ಗಾಲ್ಫಿನ ನಿಯಮ ಪುಸ್ತಕದಲ್ಲಿ ಪೈಪಿಗೆ ನಿಷೇಧವಿಲ್ಲ. ಆದರೆ ಮೊದಲನೆಯ ನಿಯಮವೇ ಇತರರ ಬಗ್ಗೆ ಕಾಳಜಿ ಇರಲಿ, ಮೈದಾನವನ್ನು ಚೆನ್ನಾಗಿ ನೋಡಿಕೊಳ್ಳಿ ಎನ್ನುತ್ತದೆ. ತನ್ನದೇ ನಡತೆಯ ಸಂಹಿತೆ ಮಾಡಿ ಅದಕ್ಕೆ ದಂಡ ವಿಧಿಸುವ ಅಧಿಕಾರವನ್ನೂ ಪಂದ್ಯ ನಡೆಸುವ ಸಮಿತಿಗೆ ಕೊಡುತ್ತದೆ. ಹಾಗಾಗಿ ಕ್ಲಬ್ಬಿನ ಕಾರ್ಯದರ್ಶಿಯನ್ನು ಒಮ್ಮೆ ವಿಚಾರಿಸಿಕೊಳ್ಳಿ. ನನಗೆ ಹೆಚ್ಚು ತಮಾಷೆಯಾಗಿ ಕಂಡದ್ದು ಬೇರೆಯ ಎರಡು ನಿಯಮಗಳು. 2019ರ ಪರಿಷ್ಕರಣೆಯ ನಂತರ, ನಿಮ್ಮ ಸರದಿ ಬಂದು ಅಡ್ಡಿಯಿಲ್ಲದೆ ಹೊಡೆಯಲು ಸಾಧ್ಯವಾದ ಮೇಲೆ 40 ಸೆಕೆಂಡಿನೊಳಗೆ ಹೊಡೆಯಿರಿ ಎಂಬುದು ಶಿಫಾರಸು. ಪೈಪು ಹಚ್ಚುವುದನ್ನು ಬಲ್ಲವರಿಗೆ ಗೊತ್ತು: ಮೊದಲ ಕಡ್ಡಿಗೆ ಮೇಲಿನ ಪದರ ಕರಕಲಾಗಿ ಉಬ್ಬುತ್ತದೆ, ಅದನ್ನು ಮೆಲ್ಲನೆ ಒತ್ತಬೇಕು, ಎರಡನೆಯ ಕಡ್ಡಿಗೆ ಬೆಂಕಿ ಹಿಡಿದರೆ ಪುಣ್ಯ. ಅಷ್ಟರಲ್ಲಿ 40 ಸೆಕೆಂಡು ಎಲ್ಲಿ ಉಳಿಯುತ್ತದೆ? ನಿಮ್ಮ ಗೆಳೆಯರ ಸಿಟ್ಟಿನ ಮೂಲ ಹೊಗೆಯೋ ಕಾಯುವಿಕೆಯೋ ಎಂದು ನನಗೆ ಅನುಮಾನ. ಇನ್ನೊಂದು: ಗಾಳಿಯ ದಿಕ್ಕು ತಿಳಿಯಲು ಹುಲ್ಲು ಕಿತ್ತು ತೂರಬಹುದು, ಪುಡಿ ತೂರುವಂತಿಲ್ಲ. ಪೈಪಿನ ಹೊಗೆಯನ್ನು ಹುಲ್ಲಿನ ಪಂಗಡಕ್ಕೆ ಸೇರಿಸಬೇಕೋ ಪುಡಿಯ ಪಂಗಡಕ್ಕೋ? ಈ ಪ್ರಶ್ನೆಯನ್ನು ಗೆಳೆಯರ ಮುಂದೆ ಎತ್ತಬೇಡಿ, ಜಗಳ ಇನ್ನೊಂದು ವರ್ಷ ನಡೆಯುತ್ತದೆ.

ಪೈಪು ಗಾಲ್ಫಿಗೆ ಏಕೆ ಒಗ್ಗಿತು ಎಂಬುದು ನನಗೆ ಅರ್ಥವಾಗುತ್ತದೆ. ನಾಲ್ಕು ಗಂಟೆಯ ಆಟದಲ್ಲಿ ಹೊಡೆಯುವುದಕ್ಕೆ ಹೋಗುವ ಹೊತ್ತು ತೀರಾ ಕಡಿಮೆ. ಉಳಿದದ್ದೆಲ್ಲ ನಡಿಗೆ, ಕಾಯುವಿಕೆ, ಹೊಟ್ಟೆಯುರಿ. ಸ್ಕಾಟ್ಲೆಂಡಿನ ಚಳಿಯಲ್ಲಿ ಬ್ರಯರ್ ಎಂಬ ಪೊದೆಯ ಬೇರಿನಿಂದ ಮಾಡಿದ ಪೈಪಿನ ಬುರುಡೆ ಅಂಗೈಯನ್ನೂ ಬೆಚ್ಚಗಿಡುತ್ತಿತ್ತು. ನಮ್ಮಲ್ಲಿ ಆ ಲಾಭ ಯಾವ ತಿಂಗಳಲ್ಲಿ? ಸೆಕೆಗೆ ಅಂಗಿ ಬೆನ್ನಿಗೆ ಅಂಟಿರುವಾಗ ಕೈ ಕಾಯಿಸಿಕೊಳ್ಳುವವರನ್ನು ನಾನು ಕಂಡಿಲ್ಲ. ಅದೂ ಅಲ್ಲದೆ ನಮ್ಮದು ಕಡಲ ಗಾಳಿ. ಹೊತ್ತು ಏರುತ್ತಿದ್ದಂತೆ ಪಡುವಣದಿಂದ ಬೀಸತೊಡಗಿದರೆ ಪೈಪಿನ ಬಾಯಿಗೆ ಅದು ಕಮ್ಮಾರನ ತಿದಿ ಇದ್ದಂತೆ. ತಂಬಾಕು ನಿಧಾನವಾಗಿ ಕನಲುವ ಬದಲು ಧಗಧಗ ಉರಿದು ಹೊಗೆ ಕಾಯುತ್ತದೆ, ನಾಲಿಗೆಯ ತುದಿ ಸುಟ್ಟಂತೆ ಚುರುಗುಟ್ಟುತ್ತದೆ. ರಂಧ್ರಗಳಿರುವ ಲೋಹದ ಮುಚ್ಚಳ ಸಿಗುತ್ತದೆ, ಅದನ್ನು ಹಾಕಿದರೆ ಕಿಡಿ ಹಾರುವುದಾದರೂ ಕಡಿಮೆಯಾಗುತ್ತದೆ.

ಕಿಡಿಯ ಮಾತು ಬಂದದ್ದರಿಂದ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಪೈಪನ್ನು ಬೂಟಿನ ಹಿಮ್ಮಡಿಗೆ ತಟ್ಟಿ ಖಾಲಿ ಮಾಡುತ್ತೇನೆ ಎಂದು ನೀವೇ ಬರೆದಿದ್ದೀರಿ. ಮಳೆ ನಿಂತು ನಾಲ್ಕು ತಿಂಗಳು ಕಳೆದರೆ ನಮ್ಮ ಪದವುಗಳ, ಅಂದರೆ ಗುಡ್ಡದ ಬಯಲುಗಳ, ಮೇಲಿನ ಮುಳಿಹುಲ್ಲು ಹೇಗಿರುತ್ತದೆ ಎಂದು ಈ ಊರಿನವರಾದ ನಿಮಗೆ ವಿವರಿಸಬೇಕೇ? ಫೆಬ್ರುವರಿಯಿಂದ ಮೇ ತಿಂಗಳವರೆಗೆ ಗುಡ್ಡಕ್ಕೆ ಬೆಂಕಿ ಬಿದ್ದ ಸುದ್ದಿಯನ್ನು ಈ ಜಿಲ್ಲೆಯ ಪತ್ರಿಕೆಗಳು ವರ್ಷವೂ ಅಚ್ಚು ಹಾಕುತ್ತವೆ. ಗ್ರೀನಿನ, ಅಂದರೆ ಕುಳಿಯ ಸುತ್ತಲ ನುಣುಪು ಜಾಗದ, ಹುಲ್ಲಿಗೆ ನೀರು ಬಿಡುತ್ತಾರೆ, ಸರಿ. ಚೆಂಡು ಹುಡುಕಿಕೊಂಡು ನೀವು ಇಳಿಯುವ ಪೊದೆಗೆ ಯಾರೂ ನೀರು ಬಿಡುವುದಿಲ್ಲ. ಪಿಲಿಕುಳದಲ್ಲಿ ಅಕ್ಕಪಕ್ಕ ಇರುವುದು ಕಾಡು ಮತ್ತು ಪ್ರಾಣಿ ಸಂಗ್ರಹಾಲಯ. ಬೂದಿಯನ್ನು ಮುಚ್ಚಳವಿರುವ ಚಿಕ್ಕ ಡಬ್ಬಿಯಲ್ಲಿ ಹಾಕಿ ಮನೆಗೆ ತನ್ನಿ. ಇಲ್ಲವಾದರೆ ಬೇಸಿಗೆಯಲ್ಲಿ ಪೈಪನ್ನು ಮನೆಯಲ್ಲೇ ಬಿಡಿ. ಈ ವಿಷಯದಲ್ಲಿ ನಾನು ಪೂರ್ತಿಯಾಗಿ ನಿಮ್ಮ ಗೆಳೆಯರ ಪಕ್ಷ.

ಈಗ ಕ್ಯಾಡಿ. ಆತ ಮಾತಾಡದಿರುವುದನ್ನು ನೀವು ಸಾಕ್ಷಿಯಾಗಿ ಹಿಡಿದಿದ್ದೀರಿ. ಬ್ಯಾಂಕಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದವರು ನೀವು. ಮ್ಯಾನೇಜರ್ ಮುಂದೆ ಜವಾನ ಸುಮ್ಮನಿದ್ದ ಮಾತ್ರಕ್ಕೆ ಅವನಿಗೆ ಒಪ್ಪಿಗೆಯಿದೆ ಎಂದು ಕಡತದಲ್ಲಿ ಬರೆಯುತ್ತಿದ್ದಿರಾ? ನಿಮ್ಮ ಗೆಳೆಯರಿಗೆ ಹೊಗೆ ಬೇಡವಾದರೆ ಗಾಳಿಯ ಮೇಲ್ಬದಿಗೆ ಸರಿದು ನಿಲ್ಲುತ್ತಾರೆ, ಮರುದಿನ ನಮಗೆ ಪತ್ರ ಬರೆಯುವಂತೆ ನಿಮ್ಮನ್ನು ಕೆಣಕುತ್ತಾರೆ. ಬ್ಯಾಗು ಹೊತ್ತವನು ಮಾರು ದೂರದಲ್ಲೇ ಇರಬೇಕು, ಕೇಳಿದ ಕೋಲನ್ನು ಕೇಳಿದ ಕ್ಷಣ ಕೊಡಬೇಕು. ಹೊಗೆ ಎತ್ತ ಹೋದರೂ ಅವನು ಅಲ್ಲೇ. ದಿನದ ಕೂಲಿಯೂ ಮೇಲಿನ ಭಕ್ಷೀಸೂ ನಿಮ್ಮ ಕೈಯಲ್ಲಿರುವಾಗ ಅವನು ತಕರಾರು ಎತ್ತುವುದಾದರೂ ಹೇಗೆ?

ಇನ್ನೂ ಒಂದು ಕೇಳಬೇಕೆನಿಸುತ್ತದೆ. ಅದೇ ಕ್ಯಾಡಿ ಒಂದು ಬೀಡಿ ಹಚ್ಚಿ, ಅದನ್ನು ತುಟಿಯಲ್ಲಿ ಕಚ್ಚಿಕೊಂಡು ನಿಮಗಾಗಿ ಬಾವುಟದ ಕಂಬ ಹಿಡಿದು ನಿಂತರೆ ನಿಮಗೆ ಏನನಿಸುತ್ತದೆ? ಮೈದಾನದ ಮರ್ಯಾದೆ ಹೋಯಿತು ಎಂದು ನೀವೂ ನಿಮ್ಮ ಗೆಳೆಯರೂ ಅಂದು ಒಂದಾಗುತ್ತೀರಿ. ಈ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಹೆಂಗಸರು ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದ ಹಣದಿಂದ ಮಕ್ಕಳ ಶಾಲೆಯ ಖರ್ಚು ನಡೆದಿದೆ. ಆದರೂ ಬೀಡಿ ಸೇದುವವನು ನಮ್ಮ ಕಣ್ಣಿಗೆ ಕೀಳು, ಪೈಪು ಸೇದುವವನು ಚಿಂತಕ. ನಮ್ಮ ನಾಟಕ, ಸಿನಿಮಾಗಳಲ್ಲಿಯೂ ತೋಟದ ದಣಿಗೆ ಪೈಪು, ಆಳಿಗೆ ಮೋಟು ಬೀಡಿ. ಎರಡರಲ್ಲಿಯೂ ಉರಿಯುವುದು ಹೊಗೆಸೊಪ್ಪೇ. ಹೊಗೆಯನ್ನು ಒಳಗೆಳೆದುಕೊಳ್ಳುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತೇನೆ ಎಂಬ ನಿಮ್ಮ ಸಮಾಧಾನವೂ ಅರ್ಧ ಸತ್ಯ. ಪೈಪಿನ ಹೊಗೆಗೆ ಕ್ಷಾರಗುಣ ಹೆಚ್ಚು, ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ಪೈಪು ಸೇದುವವರ ತುಟಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವುದನ್ನು ಜರ್ಮನಿಯ ವೈದ್ಯ ಸ್ಯೋಮರಿಂಗ್ 1795ರಷ್ಟು ಹಿಂದೆಯೇ ಗುರುತಿಸಿದ್ದರು. ಇದರಾಚೆ ಉಪದೇಶ ನಾನು ಮಾಡುವುದಿಲ್ಲ, ನಿಮ್ಮ ಮನೆಯವರು ಮಾಡಿಯೇ ಇರುತ್ತಾರೆ.

ಕಾನೂನಿನ ಬಗ್ಗೆ ಎರಡು ಮಾತು. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧದ ಈಗಿನ ನಿಯಮಗಳು 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಜಾರಿಯಲ್ಲಿವೆ. ಕರ್ನಾಟಕದಲ್ಲಿ 2025ರ ತಿದ್ದುಪಡಿಯಿಂದ ದಂಡ 200 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ. ಕ್ಲಬ್ಬಿನ ಕಟ್ಟಡ, ಉಪಾಹಾರದ ಕೋಣೆ, ಜನ ಕೂಡುವ ಜಗಲಿ ಇಲ್ಲೆಲ್ಲ ಪೈಪು ಜೇಬಿನಲ್ಲೇ ಇರಲಿ.

ಹಾಗಾದರೆ ತೀರ್ಪು? ಒಬ್ಬರೇ ಆಡುವ ದಿನ, ನೆಲ ಹಸಿಯಾಗಿರುವ ತಿಂಗಳಲ್ಲಿ, ಬ್ಯಾಗನ್ನು ನೀವೇ ಹೊತ್ತುಕೊಂಡು ಅಥವಾ ಗಾಡಿಯಲ್ಲಿ ಎಳೆದುಕೊಂಡು ಹೋಗುವುದಾದರೆ, ಕ್ಲಬ್ಬು ಬೇಡವೆನ್ನದಿದ್ದರೆ, ನನ್ನ ಆಕ್ಷೇಪವಿಲ್ಲ. ಜೊತೆಗೆ ಯಾರೇ ಇದ್ದರೂ ಪೈಪು ತಣ್ಣಗಿರಲಿ. ಕಚ್ಚಿಕೊಳ್ಳುವ ಅಭ್ಯಾಸ ಬಿಡಲಾಗದಿದ್ದರೆ ಖಾಲಿ ಪೈಪನ್ನೇ ಕಚ್ಚಿಕೊಳ್ಳಿ, ಮಾವನವರ ನೆನಪಿಗೂ ಕುಂದಿಲ್ಲ. ಹೊಡೆಯುವಾಗ ಮಾತ್ರ ಅದೂ ಬೇಡ. ಟೆಡ್ ರೇ ದವಡೆ ಬೇರೆ, ಕಟ್ಟಿಸಿದ ಹಲ್ಲು ಬೇರೆ.

ಕೊನೆಗೆ ನಿಮ್ಮ ತಂಬಾಕು. ಜೂನ್ ಬಂದರೆ ಚರ್ಮದ ಚೀಲ ಗಾಳಿಯ ತೇವವನ್ನೆಲ್ಲ ಹೀರುತ್ತದೆ. ಅದನ್ನು ಬಿಟ್ಟು, ಬಿಗಿ ಮುಚ್ಚಳದ ಒಣಗಿದ ಗಾಜಿನ ಬಾಟಲಿಗೆ ತುಂಬಿ. ಚಿಟಿಕೆ ಹಿಡಿದು ಒತ್ತಿ ಬಿಟ್ಟಾಗ ಉಂಡೆಯಾಗಿ ನಿಲ್ಲದೆ, ಪುಡಿಯಾಗದೆ, ಮೆಲ್ಲಗೆ ಬಿಡಿಸಿಕೊಂಡರೆ ಹದ ಸರಿಯಿದೆ. ತೇವ ಹೆಚ್ಚಿದ್ದರೆ ಕಾಗದದ ಮೇಲೆ ಹರಡಿ ಸ್ವಲ್ಪ ಹೊತ್ತು ಒಳಗೇ ಆರಿಸಿ. ಹಳೆಯ ಡಬ್ಬಿಯಲ್ಲಿ ಬಿಳಿ ಹರಳಿನಂಥದ್ದು ಕಂಡರೆ ಗಾಬರಿ ಬೇಡ. ಹತ್ತಿಯಂತೆ ನವಿರಾಗಿ ಎದ್ದು ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ನೀವು ಬರೆದ ಲಕ್ಷಣಗಳನ್ನು ನೋಡಿದರೆ ನಿಮ್ಮದು ಈ ಎರಡನೆಯ ಜಾತಿ. ಬಿಸಿಲಿಗಿಟ್ಟು ಉಳಿಸುವ ಯೋಚನೆ ಬೇಡ, ಡಬ್ಬಿ ಸಮೇತ ಎಸೆಯಿರಿ.

ಸಂಪಾದಕ